ಮೇರಿ ಲೂಯಿಸಳ ಪಚ್ಚೆ ಹಾರ: ನೆಪೋಲಿಯನ್ ಆಸ್ಥಾನದ ಒಡವೆಗಳಲ್ಲಿ ಉಳಿದದ್ದೆಷ್ಟು?

ಹರಳುಗಣ್ಣು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಲ್ಲಿದ್ದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

2025ರ ಅಕ್ಟೋಬರ್ 19, ಭಾನುವಾರ ಬೆಳಗ್ಗೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕಳ್ಳತನ ಆಯಿತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಮನೆ ಸಾಮಾನು ಮಹಡಿಗೆ ಏರಿಸುವ ಲಿಫ್ಟ್ ಇರುವ ಲಾರಿ ತಂದು ನದಿ ಕಡೆಯ ರಸ್ತೆಯಲ್ಲಿ ನಿಲ್ಲಿಸಿದರು. ಬಾಲ್ಕನಿ ಏರಿ, ಕಿಟಕಿ ಕತ್ತರಿಸಿ ಅಪೊಲೋ ಗ್ಯಾಲರಿಗೆ ನುಗ್ಗಿದರು. ಎಂಟು ನಿಮಿಷದೊಳಗೆ ಎಂಟು ಒಡವೆ ಹೋದವು. ಒಂಬತ್ತನೆಯದು ಮೂರನೇ ನೆಪೋಲಿಯನ್ನನ ಹೆಂಡತಿ ಯುಜೀನಿ ಸಾಮ್ರಾಜ್ಞಿಯ ಕಿರೀಟ. ಓಡುವ ಭರದಲ್ಲಿ ಅದನ್ನು ಬೀಳಿಸಿಕೊಂಡರು. ಜಜ್ಜಿಹೋಗಿ ಸಿಕ್ಕಿತು.

ಪೇಪರು, ಟೀವಿ ಎಲ್ಲ ಕಡೆ 8.8 ಕೋಟಿ ಯೂರೋ ಬೆಲೆ ಅಂತಲೇ ಬಂತು. ನನ್ನ ತಲೆಯಲ್ಲಿ ಮಾತ್ರ ಒಂದೇ ಹಾರ ಕೂತುಬಿಟ್ಟಿದೆ. 32 ಪಚ್ಚೆ, 1,138 ವಜ್ರ ಇರುವ ಹಾರ ಅದು.

1810ರಲ್ಲಿ ನೆಪೋಲಿಯನ್ ಎರಡನೇ ಮದುವೆ ಆದ. ಹುಡುಗಿ ಆಸ್ಟ್ರಿಯಾದ ರಾಜಕುಮಾರಿ ಮೇರಿ ಲೂಯಿಸ್. ಅವಳಿಗಿನ್ನೂ 18 ವರ್ಷ. ಮದುವೆಗೆ ಕೊಟ್ಟ ಒಡವೆಗಳಲ್ಲಿ ಪಚ್ಚೆ-ವಜ್ರದ ಒಂದು ಪೂರ್ತಿ ಸೆಟ್ಟು ಇತ್ತು. ಕಿರೀಟದಂಥ ತಲೆಪಟ್ಟಿ, ಹಾರ, ಓಲೆ, ತುರುಬಿಗೆ ಸಿಕ್ಕಿಸುವ ಬಾಚಣಿಗೆ. ಇಂಥ ಸೆಟ್ಟಿಗೆ ಫ್ರೆಂಚಿನಲ್ಲಿ ಪರ್ಯೂರ್ ಅನ್ನುತ್ತಾರೆ. ಮಾಡಿದ್ದು ನಿತೋ ಅಪ್ಪ-ಮಗನ ಅಂಗಡಿ. ಅದೇ ಅಂಗಡಿ ಮುಂದೆ ಶೋಮೆ ಆಯಿತು.

ನೆಪೋಲಿಯನ್ ಸೋತ ಮೇಲೆ ಅವಳು ಈ ಸೆಟ್ಟನ್ನು ತನ್ನ ಜೊತೆ ತೆಗೆದುಕೊಂಡು ಹೋದಳು. ಸಾಯುವಾಗ ಟಸ್ಕನಿಯ ದೊರೆಯಾಗಿದ್ದ ಬಂಧುವಿಗೆ ಬಿಟ್ಟಳು. ನೂರು ವರ್ಷ ಆ ಮನೆತನದಲ್ಲೇ ಇತ್ತು. 1953ರಲ್ಲಿ ಅವರು ಪ್ಯಾರಿಸ್ಸಿನ ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್‌ಗೆ ಮಾರಿದರು. ಆಮೇಲೆ ಆದದ್ದು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಲೆಪಟ್ಟಿಯಲ್ಲಿದ್ದ 79 ಪಚ್ಚೆಗಳನ್ನೂ ಕಿತ್ತು, ಉಂಗುರ, ಬ್ರೋಚು ಅಂತ ಮಾಡಿ ಒಂದೊಂದಾಗಿ ಮಾರಿದರು. ಖಾಲಿಯಾದ ಜಾಗಕ್ಕೆಲ್ಲ ಪರ್ಷಿಯಾದ ಆಕಾಶ ನೀಲಿ ಬಣ್ಣದ ಟರ್ಕಾಯ್ಸ್ ಕಲ್ಲು ಕೂರಿಸಿದರು. ಆ ತಲೆಪಟ್ಟಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಬಾಚಣಿಗೆಯನ್ನೂ ಬಿಚ್ಚಿದರು. ಹಾರ, ಓಲೆ ಮಾತ್ರ ನಿತೋ ಮಾಡಿದ ಹಾಗೇ ಉಳಿದವು. 2004ರಲ್ಲಿ ಲೂವ್ರ್ ಅವನ್ನು ಕೊಂಡಿತು. ಅವೇ ಈಗ ಕಳ್ಳರ ಪಾಲು.

ನಮ್ಮ ಅಜ್ಜಿಯ ಅಡ್ಡಿಕೆ ಹೋದದ್ದೂ ಹೀಗೇ. ಒಂದು ಅಂಗಡಿಯವರು ನಮ್ಮೆದುರೇ ಹರಳು ಕಿತ್ತು, ಕಲ್ಲಿನ ತೂಕ ಕಳೆದು, ಉಳಿದದ್ದನ್ನು ತಕ್ಕಡಿಗೆ ಹಾಕಿದರು. ಚಿನ್ನಕ್ಕೆ ರೇಟು ಕೊಟ್ಟರು. ಅದನ್ನು ಮಾಡಿದ ಕೈಗೆ ಬೆಲೆ ಕಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕೇಳುತ್ತಿದ್ದೇನೆ. ನೆಪೋಲಿಯನ್ ಮತ್ತು ಮೂರನೇ ನೆಪೋಲಿಯನ್ ಕಾಲದ ಒಡವೆ, ಬೆಳ್ಳಿ, ಪಿಂಗಾಣಿ, ಕಂಚು ಇವುಗಳಲ್ಲಿ ಮಾಡಿದ ಹಾಗೇ ಉಳಿದದ್ದು ಯಾವುದು? ಗೊತ್ತಿರುವವರು ಬರೆಯಿರಿ.


ಕುಂದಣದ ಕೈ:

ಮೇಡಂ, ಮೂವತ್ತೆಂಟು ವರ್ಷ ಹರಳು ಕೂರಿಸಿದ ಕೈ ನಂದು. ನೀವು ಹಾಕಿದ ಪ್ರಶ್ನೆ ಎದೆಗೆ ತಟ್ಟಿತು. ಕೆಲಸದವನ ಕಣ್ಣಿಗೆ ಕಂಡದ್ದು ಹೇಳುತ್ತೇನೆ.

ಆ ಹಾರದ ದೊಡ್ಡ ಫೋಟೋ ತೆಗೆದು ನೋಡಿ. ವಜ್ರದ ಸುತ್ತ ಕಾಣುವ ಬಿಳಿ ಲೋಹ ಬೆಳ್ಳಿ. ಪ್ಲಾಟಿನಂ ಅಲ್ಲ. ಆಗಿನ ಕಾಲದಲ್ಲಿ ಪ್ಲಾಟಿನಂ ಕರಗಿಸುವಷ್ಟು ಶಾಖ ಅಕ್ಕಸಾಲೆಯ ಒಲೆಯಲ್ಲಿ ಬರುತ್ತಿರಲಿಲ್ಲ. ಚಿನ್ನದಲ್ಲಿ ಕೂರಿಸಿದರೆ ವಜ್ರಕ್ಕೆ ಹಳದಿ ಛಾಯೆ ಬರುತ್ತದೆ. ಅದಕ್ಕೇ ಎದುರಿಗೆ ಬೆಳ್ಳಿ. ಆದರೆ ಬೆಳ್ಳಿ ಕಪ್ಪಾಗುತ್ತದೆ, ಮೈಗೆ, ಬಟ್ಟೆಗೆ ಕರೆ ಹಿಡಿಯುತ್ತದೆ. ಅದಕ್ಕೆ ಹಿಂದುಗಡೆ ಚಿನ್ನದ ಪದರ. ಎರಡು ಲೋಹ, ಒಂದರ ಬೆನ್ನಿಗೆ ಒಂದು. ಪಚ್ಚೆಗೆ ಮಾತ್ರ ಚಿನ್ನದ ಕಟ್ಟು, ಯಾಕೆಂದರೆ ಹಸಿರಿಗೆ ಚಿನ್ನ ಒಪ್ಪುತ್ತದೆ. ಇಷ್ಟನ್ನು ಒಂದು ಉಗುರಿನಷ್ಟು ಜಾಗದಲ್ಲಿ ಮಾಡಬೇಕು. ಸಾವಿರಕ್ಕೂ ಜಾಸ್ತಿ ಸಲ ಮಾಡಬೇಕು.

ನಮ್ಮಲ್ಲಿ ಹಳೇ ಬ್ಲೂ ಜಾಗರ್ ವಜ್ರದ ಓಲೆಗಳೆಲ್ಲ ಕ್ಲೋಸ್ ಸೆಟ್ಟಿಂಗ್. ಹಿಂದೆ ಮುಚ್ಚಿರುತ್ತದೆ. ಹರಳಿನ ಅಡಿಗೆ ತಗಡು ಹಾಕಿ ಹೊಳಪು ತರುತ್ತಿದ್ದೆವು. ಯುರೋಪಿನಲ್ಲೂ ಮೊದಲು ಹಾಗೇ ಇತ್ತು. ನೆಪೋಲಿಯನ್ ಕಾಲದ ಹೊತ್ತಿಗೆ ದೊಡ್ಡ ವಜ್ರಗಳಿಗೆ ಹಿಂಭಾಗ ತೆರೆದಿಡುವುದು ರೂಢಿಗೆ ಬಂದಿತ್ತು. ಬೆಳಕು ಹಿಂದಿನಿಂದಲೂ ಹಾಯುತ್ತದೆ. ಕಲ್ಲು ಚೆನ್ನಾಗಿದ್ದರೆ ಮಾತ್ರ ಆ ಧೈರ್ಯ ಮಾಡಬಹುದು. ಕೊರೆ ಇದ್ದರೆ ಅಲ್ಲೇ ಕಾಣುತ್ತದೆ.

ಇನ್ನೊಂದು ಮಾತು. ಆಗಿನ ವಜ್ರ ಈಗಿನ ಹಾಗೆ ಸಾಣೆ ಹಿಡಿದದ್ದಲ್ಲ. ಮೇಲ್ಮುಖ ಚಿಕ್ಕದು, ಹೊಟ್ಟೆ ದಪ್ಪ, ತಳದ ತುದಿಯನ್ನು ಚಪ್ಪಟೆ ಮಾಡಿರುತ್ತಾರೆ. ಕರೆಂಟಿನ ದೀಪದಲ್ಲಿ ಸ್ವಲ್ಪ ಮಂಕು ಅನ್ನಿಸಬಹುದು. ಮೇಣದ ಬತ್ತಿ ಇಟ್ಟು ನೋಡಿ. ಒಂದೊಂದು ಮಗ್ಗುಲೂ ಬೇರೆ ಬೇರೆ ಉರಿದ ಹಾಗೆ ಕಾಣುತ್ತದೆ. ಕಳ್ಳ ಮೊದಲು ಮಾಡುವುದು ಅದನ್ನೇ ಹಾಳು ಮಾಡುವ ಕೆಲಸ. ಹೊಸ ಆಕಾರಕ್ಕೆ ಮತ್ತೆ ಸಾಣೆ ಹಿಡಿಸುತ್ತಾನೆ. ತೂಕವೂ ಹೋಯಿತು, ಗುರುತೂ ಹೋಯಿತು. ಕಳುವಾದ ಯುಜೀನಿಯ ಮುತ್ತಿನ ತಲೆಪಟ್ಟಿ ನೆನೆದರೆ ಇನ್ನೂ ಭಯ. 212 ಮುತ್ತು ಇವೆ ಅದರಲ್ಲಿ. ಆಗ ಸಾಕಿದ ಮುತ್ತು ಇರಲಿಲ್ಲ. ಅಷ್ಟೂ ಸಮುದ್ರದಿಂದ ತೆಗೆದವು. ಮುತ್ತಿಗೆ ಸಾಣೆಯೂ ಬೇಡ. ಬಿಡಿಸಿ ಹತ್ತು ಕಡೆ ಹಂಚಿದರೆ ಎಲ್ಲಿ ಅಂತ ಹುಡುಕುತ್ತೀರಿ?


ಮಂಡ್ಯದ ಹುಡುಗ:

ಒಂದು ಡೌಟು. ರೀಜೆಂಟ್ ವಜ್ರ ಅದೇ ಗ್ಯಾಲರಿಯಲ್ಲಿತ್ತಲ್ವಾ? ಅದನ್ನು ಮುಟ್ಟಲೇ ಇಲ್ಲವಂತೆ?


ಹಳೇ ವರಹ:

ಹೌದು ತಮ್ಮಾ, ಅದು ಅಲ್ಲೇ ಉಳಿಯಿತು. 140.64 ಕ್ಯಾರೆಟ್ಟಿನ ಆ ಕಲ್ಲನ್ನು ಯಾವ ದೇಶದ ವ್ಯಾಪಾರಿಗೆ ತೋರಿಸಿದರೂ ನೋಡಿದ ತಕ್ಷಣ ಗುರುತು ಹಿಡಿಯುತ್ತಾನೆ.

ಅದು ನಮ್ಮ ಕಡೆಯಿಂದ ಹೋದ ಕಲ್ಲು. 1698ರ ಸುಮಾರಿಗೆ ಕೃಷ್ಣಾ ನದಿ ದಡದ ಕೊಲ್ಲೂರು ಗಣಿಯಲ್ಲಿ ಸಿಕ್ಕಿತು. ಮೂಕಾಂಬಿಕೆಯ ಕೊಲ್ಲೂರು ಅಲ್ಲ, ಗೋಲ್ಕೊಂಡ ಸೀಮೆಯದು. ಈಗ ಆ ಜಾಗ ಆಂಧ್ರದ ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಒರಟು ಕಲ್ಲಾಗಿದ್ದಾಗ ನಾನೂರಕ್ಕೂ ಹೆಚ್ಚು ಕ್ಯಾರೆಟ್ ಇತ್ತು. ಮದರಾಸಿನ ಗವರ್ನರ್ ಥಾಮಸ್ ಪಿಟ್ ಅದನ್ನು 48,000 ಪಗೋಡಕ್ಕೆ ಕೊಂಡ. ಪಗೋಡ ಅಂದರೆ ನಾವು ವರಹ ಅನ್ನುತ್ತಿದ್ದ ಚಿನ್ನದ ನಾಣ್ಯ. ಲಂಡನ್ನಿನಲ್ಲಿ ಎರಡು ವರ್ಷ ಸಾಣೆ ಹಿಡಿಸಿದ. 1717ರಲ್ಲಿ ಫ್ರಾನ್ಸಿನ ರೀಜೆಂಟ್, ಅಂದರೆ ಬಾಲರಾಜನ ಪರವಾಗಿ ಆಳುವವನು, ಆಗಿದ್ದ ಓರ್ಲಿಯನ್ಸ್ ಡ್ಯೂಕನಿಗೆ ಮಾರಿದ. ಹೆಸರು ಬಂದದ್ದು ಅಲ್ಲಿಂದ.

1792ರ ಸೆಪ್ಟೆಂಬರ್‌ನಲ್ಲಿ ಕ್ರಾಂತಿಯ ಗಲಾಟೆಯ ನಡುವೆ ರಾಜರ ಭಂಡಾರಕ್ಕೇ ಕಳ್ಳರು ನುಗ್ಗಿದರು. ರೀಜೆಂಟೂ ಹೋಗಿತ್ತು. ಮರು ವರ್ಷ ಪ್ಯಾರಿಸ್ಸಿನ ಒಂದು ಅಟ್ಟದಲ್ಲಿ ಸಿಕ್ಕಿತು. ಆಮೇಲೆ ಸರ್ಕಾರವೇ ಅದನ್ನು ಗಿರವಿ ಇಟ್ಟು ಸೈನ್ಯಕ್ಕೆ ದುಡ್ಡು ಹೊಂದಿಸಿತು. 1801ರಲ್ಲಿ ನೆಪೋಲಿಯನ್ ಬಿಡಿಸಿಕೊಂಡ. ತನ್ನ ಕತ್ತಿಯ ಹಿಡಿಯಲ್ಲಿ ಕೂರಿಸಿಕೊಂಡ. ಆ ಕತ್ತಿಯಿಂದ ಮುಂದೆ ಕಲ್ಲು ತೆಗೆದರು. ಯುಜೀನಿ ಕಾಲದಲ್ಲಿ ಅವಳ ತಲೆಪಟ್ಟಿಗೆ ಹೋಯಿತು. ಒಡವೆಗಳು ಬಂದವು, ಬಿಚ್ಚಿದವು. ಹರಳುಗಣ್ಣು ಅವರು ಕೇಳಿದ ಪ್ರಶ್ನೆಗೆ ಇದೇ ಒಂದು ಉತ್ತರ ಅನ್ನಿಸುತ್ತದೆ.


ಸೇನ್ ದಡದ ಕನ್ನಡತಿ:

ನಾನು ಪ್ಯಾರಿಸ್ ಹತ್ತಿರ ಇದ್ದೇನೆ. ಕಳ್ಳತನಕ್ಕೆ ಮೊದಲು ಅಪೊಲೋ ಗ್ಯಾಲರಿಗೆ ನಾಲ್ಕು ಸಲ ಹೋಗಿದ್ದೆ. ಊರಿಂದ ಯಾರು ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

ನಾನು ಜಾಸ್ತಿ ಹೊತ್ತು ನಿಲ್ಲುತ್ತಿದ್ದದ್ದು ಯುಜೀನಿಯ ಬೋ ಬ್ರೋಚಿನ ಮುಂದೆ. 1855ರಲ್ಲಿ ಫ್ರಾಂಸ್ವಾ ಕ್ರಾಮೆರ್ ಮಾಡಿದ್ದು. ರೇಷ್ಮೆ ರಿಬ್ಬನ್ ಗಂಟು ಹಾಕಿದ ಹಾಗೆ ಕಾಣುತ್ತದೆ. ಎರಡು ಕುಚ್ಚು ಕೆಳಗೆ ಜೋತು ಬೀಳುತ್ತವೆ. ಹತ್ತಿರ ಬಗ್ಗಿ ನೋಡಿದರೆ ರಿಬ್ಬನ್ನಿನ ಮಡಿಕೆ ಕೂಡ ವಜ್ರದಲ್ಲೇ ಇದೆ. ಮಡಿಕೆಯ ಒಳಬದಿಗೆ ಚಿಕ್ಕ ಕಲ್ಲು, ಉಬ್ಬಿದ ಕಡೆ ದೊಡ್ಡದು. ನೆರಳನ್ನೂ ವಜ್ರದಲ್ಲೇ ತಂದಿದ್ದಾನೆ. ನಾನು ಸೀರೆಗೆ ಕುಚ್ಚು ಕಟ್ಟಲು ಕಲಿತವಳು. ಕುಚ್ಚು ಒಂದೇ ಸಮ ಬೀಳುವುದು ಎಷ್ಟು ಕಷ್ಟ ಅಂತ ಗೊತ್ತು. ದಾರದಲ್ಲೇ ಅಷ್ಟು ಕಷ್ಟ, ಕಲ್ಲಿನಲ್ಲಿ ಹೇಗೆ ಮಾಡಿದನೋ.

ಅದೂ ಮೊದಲು ಬ್ರೋಚಾಗಿರಲಿಲ್ಲ ಗೊತ್ತಾ? ಸೊಂಟದ ಪಟ್ಟಿಯ ಮಧ್ಯದ ಬಿಲ್ಲೆ. ಸಾಮ್ರಾಜ್ಞಿಯೇ ಅದನ್ನು ರವಿಕೆಯ ಮುಂದೆ ಹಾಕಿಕೊಳ್ಳುವ ಹಾಗೆ ಬದಲಾಯಿಸಿಕೊಂಡಳು. 1887ರಲ್ಲಿ ಹರಾಜಾಗಿ ನ್ಯೂಯಾರ್ಕಿನ ಆಸ್ಟರ್ ಮನೆತನಕ್ಕೆ ಹೋಯಿತು. 2008ರಲ್ಲಿ ಲೂವ್ರ್ 67 ಲಕ್ಷ ಯೂರೋ ಕೊಟ್ಟು ವಾಪಸ್ ತಂದಿತ್ತು. 121 ವರ್ಷ ಆದ ಮೇಲೆ ಮನೆಗೆ ಬಂದ ವಸ್ತು, 17 ವರ್ಷಕ್ಕೇ ಮತ್ತೆ ಹೋಯಿತು.


ಹರಳುಗಣ್ಣು:

@ಸೇನ್ ದಡದ ಕನ್ನಡತಿ ಅಕ್ಕಾ, ನೀವು ನೋಡಿದ್ದೀರಲ್ಲ, ಅಷ್ಟೇ ಸಮಾಧಾನ. ನಾನು ಮುಂದಿನ ವರ್ಷ ಹೋಗೋಣ ಅಂತ ದುಡ್ಡು ಕೂಡಿಸುತ್ತಿದ್ದೆ.

1887ರ ಹರಾಜು ಅಂದಿರಲ್ಲ, ಅದನ್ನು ಯಾರಾದರೂ ಬಿಡಿಸಿ ಹೇಳುತ್ತೀರಾ?


ಹಳೇ ವರಹ:

ಹೇಳುತ್ತೇನೆ. ನನಗೆ ಆ ಹರಾಜಿನ ಮೇಲೆ ಇನ್ನೂ ಸಿಟ್ಟಿದೆ.

1870ರಲ್ಲಿ ಮೂರನೇ ನೆಪೋಲಿಯನ್ ಯುದ್ಧದಲ್ಲಿ ಸೋತು ಸೆರೆಯಾದ. ಫ್ರಾನ್ಸ್ ಮತ್ತೆ ಗಣರಾಜ್ಯ ಆಯಿತು. ಆದರೆ ರಾಜರು ಇನ್ನೊಂದು ಸಲ ವಾಪಸ್ ಬಂದುಬಿಟ್ಟರೆ ಅನ್ನುವ ಹೆದರಿಕೆ ಹೋಗಿರಲಿಲ್ಲ. ಕಿರೀಟ, ಒಡವೆ ಇದ್ದರೆ ತಾನೇ ಪಟ್ಟ ಕಟ್ಟುವುದು, ಮಾರಿಬಿಡೋಣ ಅಂತ ಸಂಸತ್ತಿನಲ್ಲಿ ಕಾನೂನು ಮಾಡಿದರು. 1887ರ ಮೇ ತಿಂಗಳಲ್ಲಿ ಲೂವ್ರಿನ ಫ್ಲೋರ್ ಕಟ್ಟಡದಲ್ಲೇ ಹರಾಜು. 69 ಲಾಟು ಮಾಡಿದ್ದರು. ನ್ಯೂಯಾರ್ಕಿನ ಟಿಫನಿ ಒಬ್ಬರೇ 24 ಲಾಟು ಕೊಂಡರು. ಎಲ್ಲ ಸೇರಿ ಬಂದದ್ದು ಸುಮಾರು 72 ಲಕ್ಷ ಫ್ರಾಂಕ್.

ರೀಜೆಂಟ್ ವಜ್ರ ಮತ್ತೆ ಇನ್ನು ಕೆಲವನ್ನು ಮಾತ್ರ ಮ್ಯೂಸಿಯಂಗೆ ಅಂತ ಉಳಿಸಿಕೊಂಡರು. 1855ರಲ್ಲಿ ಬಾಪ್ಸ್ತ್ ಮಾಡಿದ ಒಂದು ಬ್ರೋಚೂ ಹಾಗೆ ಉಳಿದಿತ್ತು. ಕಾರ್ಡಿನಲ್ ಮಜರಿನ್ ರಾಜನಿಗೆ ಬಿಟ್ಟುಹೋದ ಎರಡು ವಜ್ರ ಅದರ ನಡುವೆ ಇವೆ. ಹರಾಜಿನಿಂದ ತಪ್ಪಿಸಿಕೊಂಡ ಅದೂ 2025ರ ಅಕ್ಟೋಬರಿನಲ್ಲಿ ಹೋಯಿತು.

ಸಿಟ್ಟು ಯಾಕೆ ಅಂದರೆ, ಅವರು ಮಾರಿದ್ದನ್ನು ಕೊಂಡವರು ಹೆಚ್ಚಿನವರು ವ್ಯಾಪಾರಿಗಳು. ಕಲ್ಲು ಬೇಕಿದ್ದವರು ಕಟ್ಟನ್ನು ಒಡೆದರು. ಸಿಂಹಾಸನ ಬೇಡ ಅನ್ನುವುದು ಸರಿ. ನಾನೂ ಅದೇ ಹೇಳುವವನು. ಅದಕ್ಕಾಗಿ ಅಕ್ಕಸಾಲಿಗನ ಕೈಕೆಲಸ ಯಾಕೆ ಒಡೆಯಬೇಕಿತ್ತು?


ಪಿಂಗಾಣಿ ಪೆಟ್ಟಿಗೆ:

ಬರೀ ಒಡವೆ ನೋಡುತ್ತಾ ಕೂತರೆ ದುಃಖವೇ ಜಾಸ್ತಿ. ನಾನು ಸ್ವಲ್ಪ ಸಂತೋಷದ ಸುದ್ದಿ ತಂದಿದ್ದೇನೆ. ಮಣ್ಣಿನಿಂದ ಮಾಡಿದ್ದು ಉಳಿದಿದೆ.

ಪ್ಯಾರಿಸ್ ಪಕ್ಕದ ಸೇವ್ರ್ ಪಿಂಗಾಣಿ ಕಾರ್ಖಾನೆ ಗೊತ್ತಲ್ಲ. ಟಿಪ್ಪು ಸುಲ್ತಾನ್ 1788ರಲ್ಲಿ ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳಿಗೆ ಹದಿನಾರನೇ ಲೂಯಿ ಉಡುಗೊರೆ ಕೊಟ್ಟ ಪಿಂಗಾಣಿ ಇದೇ ಕಾರ್ಖಾನೆಯದು. ಕ್ರಾಂತಿಯ ಕಾಲದಲ್ಲಿ ಅದು ಮುಚ್ಚುವ ಹಂತಕ್ಕೆ ಬಂದಿತ್ತು. 1800ರಲ್ಲಿ ಅಲೆಕ್ಸಾಂಡರ್ ಬ್ರೋನ್ಯಾರ್ ಅನ್ನುವ ವಿಜ್ಞಾನಿ ಬಂದು ಮೇಲೆತ್ತಿದರು. 47 ವರ್ಷ ಅವರೇ ನಡೆಸಿದರು. ಒಬ್ಬ ಭೂವಿಜ್ಞಾನಿ ತಟ್ಟೆ-ಬಟ್ಟಲಿಗೆ ಅರ್ಧ ಆಯುಷ್ಯ ಕೊಟ್ಟದ್ದು ನನಗೆ ತುಂಬಾ ಇಷ್ಟದ ವಿಷಯ.

ಅಲ್ಲಿ ಮಾಡಿದ ಈಜಿಪ್ಟ್ ಸೆಟ್ಟಿನ ಕಥೆ ಕೇಳಿ. ಮೊದಲ ಹೆಂಡತಿ ಜೋಸೆಫಿನ್‌ಗೆ ವಿಚ್ಛೇದನ ಕೊಟ್ಟ ಮೇಲೆ, ಸೇವ್ರ್‌ನಲ್ಲಿ ನಿನಗೆ ಬೇಕಾದ್ದು ಮಾಡಿಸಿಕೋ ಅಂತ ನೆಪೋಲಿಯನ್ 30,000 ಫ್ರಾಂಕ್ ಕೊಟ್ಟ. ಅವಳು ಈಜಿಪ್ಟ್ ಸೆಟ್ಟು ಹೇಳಿದಳು. ಊಟದ ಮೇಜಿನ ನಡುವೆ ಇಡಲು ಕರ್ನಾಕ್, ದಂಡೇರಾ, ಫೀಲೇ ದೇವಸ್ಥಾನಗಳು. ಗೋಪುರ, ಕಂಬಸಾಲು, ಒಬೆಲಿಸ್ಕು, ಸಾಲು ಸಾಲು ಟಗರು. ಎಲ್ಲ ಬಿಳಿ ಬಿಸ್ಕತ್ ಪಿಂಗಾಣಿ, ಅಂದರೆ ಹೊಳಪು ಬಳಿಯದೆ ಸುಟ್ಟದ್ದು. ಜೋಡಿಸಿದರೆ ಆರು ಮೀಟರಿಗೂ ಉದ್ದ. ತಟ್ಟೆಗಳ ಮೇಲೆ ಒಂದೊಂದು ಈಜಿಪ್ಟ್ ನೋಟ. 1812ರಲ್ಲಿ ಎಲ್ಲ ಮುಗಿಸಿ ಅವಳಿದ್ದ ಮಾಲ್ಮೇಸೋನ್ ಮನೆಗೆ ತಂದರು. ಅವಳು ನೋಡಿದಳು. ತೀರಾ ಗಡುಸಾಗಿದೆ ಅಂತ ವಾಪಸ್ ಕಳಿಸಿದಳು!

ನಾನು ಅವಳ ಜಾಗದಲ್ಲಿ ನಿಂತು ಯೋಚಿಸಿದ್ದೇನೆ. ಮನೆಯಲ್ಲಿ ಗುಲಾಬಿ ಬೆಳೆಯುವ ಹೆಂಗಸು. ದಿನಾ ಊಟಕ್ಕೆ ಕೂತಾಗ ಎದುರಿಗೆ ಗಂಡನ ಯುದ್ಧದ ದೇಶ. ಬೇಡ ಅಂದದ್ದರಲ್ಲಿ ತಪ್ಪೇನಿಲ್ಲ.

ಸೆಟ್ಟು ಕಾರ್ಖಾನೆಯಲ್ಲೇ ಉಳಿಯಿತು. 1818ರಲ್ಲಿ ಹದಿನೆಂಟನೇ ಲೂಯಿ ಅದನ್ನು ಯಾರಿಗೆ ಕೊಟ್ಟ ಗೊತ್ತಾ? ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್‌ಗೆ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಲಂಡನ್ನಿನ ಆಪ್ಸ್ಲಿ ಹೌಸ್‌ನಲ್ಲಿ ಈಗಲೂ ಇದೆ. ನಾನು ನೋಡಿದ್ದೇನೆ. ಸುತ್ತಲೂ ನಡೆದುಕೊಂಡು ಹೋಗಬಹುದು. ಬಿಳಿ ಕಂಬದ ನಡುವೆ ಕೈ ಹಾಕುವ ಆಸೆ ಆಗುತ್ತದೆ, ಗಾಜು ಅಡ್ಡ ಇದೆ.


ತುಂಗೆಯ ತೀರ:

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ಆದರೆ ನನಗೊಂದು ಸಂಕಟ. ಈ ಮನುಷ್ಯನ ಯುದ್ಧಗಳಲ್ಲಿ ಲಕ್ಷಾಂತರ ಜನ ಸತ್ತರು. ಆ ದುಡ್ಡಲ್ಲಿ ಮಾಡಿದ ಆಡಂಬರ ಇದು. ತಾನು ಹೊಸ ದೊರೆ, ಹಳೇ ರಾಜರಿಗಿಂತ ದೊಡ್ಡವನು ಅಂತ ತೋರಿಸಲು ಮಾಡಿದ್ದು. ಇದಕ್ಕೆ ನಾವು ಅಳಬೇಕಾ? ಸುಮ್ನೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.


ಕುಂದಣದ ಕೈ:

ಸರ್, ನಿಮ್ಮ ಮಾತಿಗೆ ನಾನು ಎದುರಾಡಲ್ಲ. ಹಾಕಿಕೊಂಡವರಿಗೆ ನಾನು ಅಳುತ್ತಿಲ್ಲ.

ಆ ಕಾಲದ ಕಂಚಿನ ಗಡಿಯಾರ, ದೀಪದ ಕಂಬಗಳನ್ನು ನೋಡಿದ್ದೀರಾ? ತೊಮೀರ್ ಅನ್ನುವವರ ಕೆಲಸ ಬಹಳ ಹೆಸರಾದದ್ದು. ಕಂಚಿನ ಮೇಲೆ ಚಿನ್ನ. ಕೆಲವು ಕಡೆ ಕನ್ನಡಿಯ ಹಾಗೆ, ಕೆಲವು ಕಡೆ ಮಂಜು ಕೂತ ಹಾಗೆ. ಅದಕ್ಕೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಬೆಣ್ಣೆ ಥರ ಮಾಡಿ ಬಳಿಯಬೇಕು. ಆಮೇಲೆ ಬೆಂಕಿಗೆ ಹಿಡಿಯಬೇಕು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಅಂಟಿಕೊಂಡು ಉಳಿಯುತ್ತದೆ. ಹೊಗೆ ಹೋಗುವುದು ಎಲ್ಲಿಗೆ? ಕೆಲಸದವನ ಮೂಗಿಗೆ. ಕೈ ನಡುಕ, ಹಲ್ಲು ಉದುರುವುದು, ಚಿಕ್ಕ ವಯಸ್ಸಿಗೇ ಸಾವು.

ಆಸ್ಥಾನಕ್ಕೆ ಕಂಚಿನ ಕೆಲಸ ಮಾಡಿಕೊಡುತ್ತಿದ್ದ ರಾವ್ರಿಯೋ ಅನ್ನುವ ಮಾಲೀಕ 1814ರಲ್ಲಿ ತೀರಿಕೊಂಡ. ತನ್ನ ಉಯಿಲಿನಲ್ಲಿ 3,000 ಫ್ರಾಂಕ್ ಎತ್ತಿಟ್ಟಿದ್ದ. ಗಿಲೀಟು ಮಾಡುವವರನ್ನು ಪಾದರಸದಿಂದ ಕಾಪಾಡುವ ದಾರಿ ಕಂಡುಹಿಡಿದವರಿಗೆ ಬಹುಮಾನ ಅಂತ. ದಾರ್ಸೆ ಅನ್ನುವ ರಸಾಯನಶಾಸ್ತ್ರಜ್ಞ ಹೊಗೆಯನ್ನು ಚಿಮಣಿಗೆ ಎಳೆಯುವ ಒಲೆ ಮಾಡಿ ಆ ಬಹುಮಾನ ಪಡೆದ. ನಾನು ಈ ಕಥೆ ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ. ಕಿಟಕಿ ತೆಗೆದು ಕೆಲಸ ಮಾಡಿ ಅಂತ.

ಆ ಗಡಿಯಾರ ಉಳಿದರೆ ಅದನ್ನು ಮಾಡಿ ಸತ್ತವನ ಕೆಲಸ ಉಳಿದ ಹಾಗೆ. ನನ್ನ ಲೆಕ್ಕ ಇಷ್ಟೇ.


ತುಂಗೆಯ ತೀರ:

ಇದು ನನಗೆ ಗೊತ್ತಿರಲಿಲ್ಲ ಯಜಮಾನರೇ. ಹೀಗೆ ನೋಡಿರಲಿಲ್ಲ. ರಾವ್ರಿಯೋ ಬಗ್ಗೆ ಇನ್ನೂ ಓದುತ್ತೇನೆ.

ಆದರೂ ಒಂದು ಮಾತು ಸೇರಿಸುತ್ತೇನೆ. 1808ರಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ 80ಕ್ಕೂ ಹೆಚ್ಚು ಹಳೇ ಕೆತ್ತನೆ ಹರಳುಗಳನ್ನು ತೆಗೆಸಿ ಜೋಸೆಫಿನ್‌ಗೆ ಒಡವೆ ಮಾಡಿಸಿದನಲ್ಲ ನೆಪೋಲಿಯನ್, ಜನರ ಸ್ವತ್ತನ್ನು ಹೆಂಡತಿಯ ಕೊರಳಿಗೆ ಹಾಕಿದ್ದು ಅದು. ಅದನ್ನು ನಾನು ಒಪ್ಪಲಾರೆ.


ಸೇನ್ ದಡದ ಕನ್ನಡತಿ:

ನಾನೂ ಒಪ್ಪಲ್ಲ.

ಚಿಕ್ಕದೊಂದು ವಿಷಯ ಹೇಳುತ್ತೇನೆ. ದೊಡ್ಡ ಕಲ್ಲುಗಳ ನಡುವೆ ಇದು ಮರೆತೇ ಹೋಗುತ್ತದೆ. ನಿತೋ ಮನೆಯವರೇ 1810ರಲ್ಲಿ ಮೇರಿ ಲೂಯಿಸ್‌ಗೆ ಮೂರು ತೆಳು ಕೈಬಳೆ ಮಾಡಿದರು. ದುಬಾರಿ ಕಲ್ಲುಗಳ ಸಾಲೇ ಅಲ್ಲ. ಎಲ್ಲ ಬೇರೆ ಬೇರೆ ಬಣ್ಣದ ಪುಟ್ಟ ಪುಟ್ಟ ಹರಳು, ಒಂದಕ್ಕೊಂದು ಹೊಂದುವುದೂ ಇಲ್ಲ. ಆದರೆ ಪ್ರತಿ ಹರಳಿನ ಹೆಸರಿನ ಮೊದಲ ಅಕ್ಷರ ಕೂಡಿಸಿದರೆ ಹೆಸರು, ತಾರೀಖು ಬರುತ್ತದೆ. ನೆಪೋಲಿಯನ್ ಹೆಸರಿನ 'ಪಿ'ಗೆ ಪೆರಿಡಾಟ್, 'ಓ'ಗೆ ಓಪಲ್, 'ಎಲ್'ಗೆ ಲ್ಯಾಪಿಸ್. ಒಂದರಲ್ಲಿ ಅವನ ಹೆಸರು, ಹುಟ್ಟಿದ ದಿನ. ಇನ್ನೊಂದರಲ್ಲಿ ಅವಳದ್ದು. ಮೂರನೆಯದರಲ್ಲಿ ಇಬ್ಬರೂ ಮೊದಲು ಭೇಟಿಯಾದ 1810ರ ಮಾರ್ಚ್ 27, ಮದುವೆಯ ಏಪ್ರಿಲ್ 2. ಈಗ ಶೋಮೆ ಅವರ ಸಂಗ್ರಹದಲ್ಲೇ ಇವೆ. ಕರಗಿಸಿದರೆ ಕೈಗೆ ಎಷ್ಟು ಬರುತ್ತಿತ್ತು? ಅದಕ್ಕೇ ಉಳಿದವು ಅನ್ನಿಸುತ್ತದೆ ನನಗೆ.


ಪಿಂಗಾಣಿ ಪೆಟ್ಟಿಗೆ:

ಅಕ್ಕ ಹೇಳಿದ್ದು ಸರಿ. ಇನ್ನೊಂದು ಜೋಡಿ ನೋಡಿ. ಪ್ಯಾರಿಸ್ ನಗರಸಭೆ ಮೇರಿ ಲೂಯಿಸ್‌ಗೆ ಎರಡು ದೊಡ್ಡ ಉಡುಗೊರೆ ಕೊಟ್ಟಿತು. ಎರಡಕ್ಕೂ ಚಿತ್ರ ಬರೆದುಕೊಟ್ಟದ್ದು ಕಲಾವಿದ ಪ್ರುದೋನ್. ಮಾಡಿದ್ದು ಒದಿಯೋ ಮತ್ತು ತೊಮೀರ್. 1810ರಲ್ಲಿ ಕೊಟ್ಟದ್ದು ಅಲಂಕಾರದ ಕೋಣೆಯ ಸಾಮಾನು. ಆಳೆತ್ತರದ ಕನ್ನಡಿ, ಮೇಜು, ಕುರ್ಚಿ, ಎಲ್ಲ ಚಿನ್ನದ ನೀರು ಕುಡಿಸಿದ ಬೆಳ್ಳಿ. ಮರು ವರ್ಷ ಮಗ ಹುಟ್ಟಿದಾಗ ತೊಟ್ಟಿಲು. ತೊಟ್ಟಿಲ ಕಾಲ ಕಡೆ ಒಂದು ಹದ್ದಿನ ಮರಿ ಕೂತಿದೆ. ಇನ್ನೇನು ಹಾರಬೇಕು ಅನ್ನುವ ಹಾಗೆ ಮೇಲಿನ ನಕ್ಷತ್ರವನ್ನೇ ನೋಡುತ್ತಿದೆ.

ತೊಟ್ಟಿಲು ವಿಯೆನ್ನಾದ ರಾಜಭಂಡಾರದಲ್ಲಿ ಹಾಗೇ ಇದೆ. ಕನ್ನಡಿ, ಮೇಜನ್ನು ಮಾತ್ರ ಅವಳೇ 1832ರಲ್ಲಿ ಇಟಲಿಯ ಪಾರ್ಮಾದಲ್ಲಿ ಕರಗಿಸಿದಳು. ಆಗ ಅವಳು ಅಲ್ಲಿ ಆಳುತ್ತಿದ್ದಳು. ಮಗ ತೀರಿಕೊಂಡದ್ದೂ ಅದೇ ವರ್ಷ, 21ನೇ ವಯಸ್ಸಿಗೆ. ಈಗ ಪ್ರುದೋನ್ ಬರೆದ ಚಿತ್ರಗಳಲ್ಲಿ ಮಾತ್ರ ಆ ಕನ್ನಡಿ ನೋಡಬಹುದು.


ಹಳೇ ವರಹ:

ಪಟ್ಟಾಭಿಷೇಕದ ಚಿನ್ನದ ಎಲೆ ಮರೆತಿರಾ? 1804ರ ಡಿಸೆಂಬರ್ 2ಕ್ಕೆ ಅಂತ ಬಿಯನ್ನೆ ಅನ್ನುವ ಅಕ್ಕಸಾಲಿಗ ಲಾರೆಲ್ ಎಲೆಗಳ ಚಿನ್ನದ ಕಿರೀಟ ಮಾಡಿದ. ಭಾರ ಆಯಿತು ಅಂತ ಆರು ಎಲೆ ತೆಗೆಸಿದರು. ಬಿಯನ್ನೆ ಅವನ್ನು ತನ್ನ ಹೆಣ್ಣುಮಕ್ಕಳಿಗೆ ಕೊಟ್ಟ. ಮುಂದೆ ರಾಜರು ವಾಪಸ್ ಬಂದಾಗ ಕಿರೀಟವನ್ನೇ ಕರಗಿಸಿದರು. ಬೇಡ ಅಂತ ತೆಗೆದಿಟ್ಟ ಎಲೆ ಉಳಿಯಿತು! ಅದರಲ್ಲಿ ಒಂದು 2017ರಲ್ಲಿ ಫಾಂಟೆನ್‌ಬ್ಲೋದಲ್ಲಿ ಹರಾಜಿಗೆ ಬಂತು. ಹತ್ತು ಗ್ರಾಂ ಚಿನ್ನ. 6,25,000 ಯೂರೋಗೆ ಹೋಯಿತು.


ಮಂಡ್ಯದ ಹುಡುಗ:

ಹತ್ತು ಗ್ರಾಂಗಾ?! ನಮ್ಮ ಮೇಡಂ ಅಜ್ಜಿಯ ಅಡ್ಡಿಕೆಯ ಅಂಗಡಿಯವರು ಇದನ್ನು ಓದಬೇಕು.

ನಾನೂ ಸ್ವಲ್ಪ ಹುಡುಕಿದೆ. ಮೂರನೇ ನೆಪೋಲಿಯನ್‌ಗೆ ಅಲ್ಯೂಮಿನಿಯಂ ಅಂದರೆ ಪ್ರಾಣವಂತೆ. 1854ರ ಸುಮಾರಿಗೆ ಅದು ಕಿಲೋಗೆ 3,000 ಫ್ರಾಂಕ್ ಇತ್ತು. ದೆವಿಲ್ ಅನ್ನುವ ವಿಜ್ಞಾನಿಗೆ ದುಡ್ಡು ಕೊಟ್ಟು ತಯಾರಿಸುವ ದಾರಿ ಹುಡುಕಿಸಿದ. ಮೂರೇ ವರ್ಷದಲ್ಲಿ 300ಕ್ಕೆ ಇಳಿಯಿತು. 1856ರಲ್ಲಿ ಹುಟ್ಟಿದ ಮಗನಿಗೆ ಅಲ್ಯೂಮಿನಿಯಂ ಮತ್ತು ಚಿನ್ನದ ಗಿಲಕಿ ಮಾಡಿಸಿದ್ದರಂತೆ. ನಮ್ಮ ಮನೆಯ ಅನ್ನದ ಪಾತ್ರೆಯ ಲೋಹ ರಾಜಕುಮಾರನ ಆಟದ ಸಾಮಾನು ಆಗಿತ್ತು ಅಂದರೆ ಆಶ್ಚರ್ಯ ಆಗುತ್ತೆ.


ಪಿಂಗಾಣಿ ಪೆಟ್ಟಿಗೆ:

ಚೆನ್ನಾಗಿ ಹುಡುಕಿದ್ದೀಯಪ್ಪ. ಅವನದ್ದೇ ಇನ್ನೊಂದು. ನೂರು ಜನರ ಊಟದ ಮೇಜಿಗೆ ಕ್ರಿಸ್ತೋಫ್ಲ್ ಕಂಪನಿಯಿಂದ ಅಲಂಕಾರದ ಗೊಂಬೆ, ದೀಪಗಳ ಸೆಟ್ಟು ಮಾಡಿಸಿದ. ಗಟ್ಟಿ ಬೆಳ್ಳಿ ಅಲ್ಲ. ಕರೆಂಟು ಹಾಯಿಸಿ ಬೆಳ್ಳಿ ಏರಿಸಿದ್ದು. ಆಗ ಅದು ಹೊಸ ವಿದ್ಯೆ. 1871ರಲ್ಲಿ ತ್ವಿಲರೀ ಅರಮನೆಗೆ ಬೆಂಕಿ ಬಿತ್ತು. ಆ ಬೂದಿಯಿಂದ ಎತ್ತಿ ತಂದ ತುಂಡುಗಳು ಈಗ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿವೆ.


ಪೊಟೊಮ್ಯಾಕ್ ಕನ್ನಡಿಗಿತ್ತಿ:

ಇಷ್ಟು ದಿನ ಓದುತ್ತಾ ಇದ್ದೆ, ಇವತ್ತು ಬರೆಯುತ್ತಿದ್ದೇನೆ. ನಾನು ವಾಷಿಂಗ್ಟನ್ ಹತ್ತಿರ ಇರುವುದು. ಮೊದಲನೇ ಪೋಸ್ಟು ಓದಿದ ಮೇಲೆ ತಡೆಯಲಾಗಲಿಲ್ಲ. ಶನಿವಾರ ಮಗಳನ್ನು ಕರೆದುಕೊಂಡು ಸ್ಮಿತ್ಸೋನಿಯನ್‌ಗೆ ಹೋದೆ.

ನೆಪೋಲಿಯನ್ ಮಗ ಹುಟ್ಟಿದ್ದಕ್ಕೆ 1811ರಲ್ಲಿ ಕೊಟ್ಟ ವಜ್ರದ ಹಾರವೂ ಅಲ್ಲೇ ಇದೆ. ನಿತೋ ಮನೆಯದೇ. 234 ವಜ್ರ, ಆಗಿನ ಬೆಲೆ 3,76,274 ಫ್ರಾಂಕ್. ಜನ ಅದರ ಮುಂದೆ ಗುಂಪು ಕಟ್ಟಿದ್ದರು. ನಾವು ತಲೆಪಟ್ಟಿಯ ಮುಂದೆ ನಿಂತೆವು.

ಫೋನಿನಲ್ಲಿ ಲೂವ್ರಿನ ಪಚ್ಚೆ ಹಾರದ ಫೋಟೋ ಇಟ್ಟುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ನೋಡಿದೆ. ಹಾರದಲ್ಲಿ ವಜ್ರದ ಒಂದು ಪುಟ್ಟ ತಾಳೆ ಗರಿಯ ಆಕಾರ ಇದೆಯಲ್ಲ, ಅದು ತಲೆಪಟ್ಟಿಯಲ್ಲೂ ಇದೆ. ಅದೇ ಬೀಸಣಿಗೆಯಂಥ ಗರಿ. ಸುತ್ತಲಿನ ಬಳ್ಳಿಯ ಸುರುಳಿಯೂ ಅದೇ ಕೈಯದು ಅಂತ ಕಾಣುತ್ತದೆ. ಸಾವಿರದ ಆರು ವಜ್ರ ಅಲ್ಲಾಡದೆ ಕೂತಿವೆ. ನಡುವೆ ಪಚ್ಚೆ ಇದ್ದ ಕಡೆಯಲ್ಲೆಲ್ಲ ಆಕಾಶ ನೀಲಿ. ಪಚ್ಚೆಗೆ ಮುಖಗಳಿರುತ್ತವೆ, ಒಳಗೆ ಬೆಳಕು ಇಳಿಯುತ್ತದೆ. ಈ ಕಲ್ಲು ನುಣ್ಣಗೆ, ಗುಂಡಗೆ. ಬೆಳಕು ಮೇಲೇ ನಿಲ್ಲುತ್ತದೆ.

ಮಗಳಿಗೆ ಎಂಟು ವರ್ಷ. ನಾನು ಕಥೆ ಎಲ್ಲ ಹೇಳಿದೆ. ಅವಳು ಗಾಜಿಗೆ ಮೂಗು ತಾಗಿಸಿ ಒಂದೊಂದೇ ನೀಲಿ ಕಲ್ಲು ಎಣಿಸತೊಡಗಿದಳು. ಎರಡು ಸಲ ತಪ್ಪಿತು. ಮೂರನೇ ಸಲ ಎಣಿಸುವಾಗ, ಅಮ್ಮ, ಫೋಟೋ ಕೊಡು, ಹಸಿರು ಹೇಗಿತ್ತು ಅಂತ ನೋಡಬೇಕು ಅಂದಳು.


ಹರಳುಗಣ್ಣು:

ಮಗುವಿಗೆ ನನ್ನ ಮುತ್ತು ಕೊಡಿ. 79 ಇರಬೇಕು. 22 ದೊಡ್ಡದು, 57 ಚಿಕ್ಕದು. ಎಣಿಸಿ ಮುಗಿಸಿದಳಾ?


ಪೊಟೊಮ್ಯಾಕ್ ಕನ್ನಡಿಗಿತ್ತಿ:

ಮ್ಯೂಸಿಯಂ ಮುಚ್ಚುವ ಹೊತ್ತಾಗಿತ್ತು, ಅರುವತ್ತಕ್ಕೆ ನಿಂತಿತು. ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದೇವೆ.